ಅಂಜುವವಳ ಕುದುರೆಗೆ ಗುರು ಯಾರು?

"ಕುದುರೆ ಕಂಡರೆ ಕಾಲುನೋವು" ಎಂಬ ಗಾದೆಯನ್ನು ನಮ್ಮ ಹಿರಿಯರು ಸೋಮಾರಿಗಳನ್ನು ನೆನೆದು ಮಾಡಿರಬೇಕು. ನನ್ನ ಪಾಲಿಗೆ ಆ ಗಾದೆ ತಿರುಗುಮುರುಗಾಯಿತು. ಕುದುರೆಯನ್ನು ಕಂಡ ಕೂಡಲೆ ನನಗಿದ್ದ ಕಾಲುನೋವೆಲ್ಲ ಮಾಯವಾಗಿ, ಎಷ್ಟು ದೂರವಾದರೂ ಸರಿ, ನಡೆದೇ ಹೋಗಿಬಿಡೋಣ ಎನ್ನಿಸುತ್ತಿತ್ತು. ಅಂಥವಳ ಹೆಸರಿಗೆ ಒಂದು ಕುದುರೆ ಬಂದು ಸೇರಿತು ಎಂದರೆ, ಅದನ್ನು ಭಾಗ್ಯವೆನ್ನಬೇಕೋ ಪರೀಕ್ಷೆಯೆನ್ನಬೇಕೋ ವಾಚಕರೇ ತೀರ್ಮಾನಿಸಲಿ. ಆ ಕುದುರೆಗೂ ನನಗೂ ತಕ್ಕ ಗುರುವನ್ನು ಹುಡುಕಿಕೊಂಡು ಒಂದು ವರ್ಷ ಅಲೆದೆನು. ಅಲೆದಾಟದಲ್ಲಿ ನನ್ನ ಮನಸ್ಸಿಗೆ ಬಂದ ಕೆಲವು ಅಭಿಪ್ರಾಯಗಳನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುತ್ತಿದ್ದೇನೆ.

ನಾನು ಹುಟ್ಟಿನಿಂದ ಅಂಜುಬುರುಕಿಯಲ್ಲ. ಪಿ.ಯು.ಸಿ. ಮುಗಿದ ರಜೆಯಲ್ಲಿ ಊರಾಚೆಯ ಒಂದು ಕುದುರೆಲಾಯಕ್ಕೆ ಸವಾರಿ ಕಲಿಯಲು ಸೇರಿದೆ. ಐದನೆಯ ದಿನ ಕುದುರೆ ಯಾವುದೋ ಸದ್ದಿಗೆ ಬೆಚ್ಚಿ ಪಕ್ಕಕ್ಕೆ ಹಾರಿತು. ನಾನು ಎಡಕ್ಕೆ ಬಿದ್ದೆ. ಕತ್ತಿನ ಪಕ್ಕದ ಎಲುಬು ಮುರಿಯಿತು. ಎಲುಬು ಆರು ವಾರಗಳಲ್ಲಿ ಕೂಡಿಕೊಂಡಿತು. ಆದರೆ ಬಿದ್ದವಳನ್ನು ನೋಡಿ ಅಲ್ಲಿದ್ದ ಒಬ್ಬಿಬ್ಬರು ನಕ್ಕರಲ್ಲ, ಆ ನಗು ಕೂಡಿಕೊಳ್ಳಲಿಲ್ಲ. ಆಮೇಲೆ ಜಟಕಾ ಗಾಡಿಯ ಮುದಿಕುದುರೆ ಎದುರಿಗೆ ಬಂದರೂ ರಸ್ತೆಯ ಆಚೆ ಬದಿಗೆ ಸರಿಯುವಷ್ಟು ಭೀರುವಾದೆ. ಭಯವೆಂಬುದು ಬಿದ್ದ ನೆಲದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ, ಸುತ್ತ ನಿಂತವರ ಮುಖದಲ್ಲಿ ಹುಟ್ಟುತ್ತದೆ.

ನನ್ನ ಸೋದರಮಾವ ಪಂದ್ಯದ ಕುದುರೆಗಳನ್ನು ಇಟ್ಟಿದ್ದ ಶ್ರೀಮಂತರೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಕ್ಕಳಿಲ್ಲದ ಅವರಿಗೆ ನಾನೇ ಮಗಳು. ಆರು ವರ್ಷದ ಕಂದುಬಣ್ಣದ ಹೆಣ್ಣುಕುದುರೆಯೊಂದು ಇನ್ನು ಪಂದ್ಯ ಗೆಲ್ಲಲಾರದೆಂದು ಯಜಮಾನರು ಅದನ್ನು ಕೈಬಿಡಲು ನಿರ್ಧರಿಸಿದಾಗ, ಮಾವ "ನನಗೆ ಕೊಡಿ" ಎಂದರಂತೆ. ಅವರು ಕೊಟ್ಟೇಬಿಟ್ಟರು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮಾವ ಅದನ್ನು ತೆಗೆದು "ಗೌರಿ" ಎಂದಿಟ್ಟರು. ಕೊಟ್ಟ ಕುದುರೆಯನ್ನು ಏರಲಾರದವರ ವಿಷಯವಾಗಿ ಅಲ್ಲಮಪ್ರಭು ಏನು ಹೇಳಿದ್ದಾನೆಂಬುದು ನಮ್ಮ ಕನ್ನಡ ತರಗತಿಯವರಿಗೆಲ್ಲ ಗೊತ್ತು. ಆ ವಚನವನ್ನು ಪರೀಕ್ಷೆಗಾಗಿ ಓದಿದ್ದ ನಾನು, ಅದು ಒಂದು ದಿನ ನನ್ನನ್ನೇ ಹುಡುಕಿಕೊಂಡು ಬರುವುದೆಂದು ಎಣಿಸಿರಲಿಲ್ಲ.

ಕುದುರೆ ಪುಕ್ಕಟೆ, ಅದರ ಹೊಟ್ಟೆ ಪುಕ್ಕಟೆಯಲ್ಲ. ಹುಲ್ಲು, ಹುರುಳಿ, ಬೂಸಾ, ಲಾಳ, ಲಾಯದ ಬಾಡಿಗೆ, ಪಶುವೈದ್ಯರು—ಇವೆಲ್ಲಕ್ಕೂ ಮಾವ ನನ್ನ ಮದುವೆಗೆಂದು ತೆಗೆದಿಟ್ಟಿದ್ದ ಹಣಕ್ಕೆ ಕೈಯಿಟ್ಟರು. ಅಮ್ಮನಿಗೂ ಮಾವನಿಗೂ ಹದಿನೈದು ದಿನ ಮಾತಿರಲಿಲ್ಲ. ಕೊನೆಗೆ ಅಮ್ಮ ಒಂದು ವರ್ಷದ ಗಡುವು ಕೊಟ್ಟಳು: "ಒಂದು ವರ್ಷದಲ್ಲಿ ಇವಳು ಅದರ ಮೇಲೆ ನೆಟ್ಟಗೆ ಕೂತರೆ ಸರಿ, ಇಲ್ಲವಾದರೆ ಅದು ಯಾರ ಮನೆಗಾದರೂ ಹೋಗಲಿ." ಯಾರ ಮನೆಗೆ ಹೋಗುತ್ತದೆಂಬುದು ಮಾವನಿಗೂ ನನಗೂ ಗೊತ್ತಿತ್ತು. ಓಟ ನಿಂತ ಇಂಥ ಕುದುರೆಗಳಲ್ಲಿ ಕೆಲವು ಮದುವೆಯ ಮೆರವಣಿಗೆಗೆ ಸೇರಿ, ಬ್ಯಾಂಡು, ಪಟಾಕಿ, ಜನರೇಟರುಗಳ ಗದ್ದಲದ ನಡುವೆ ಮದುಮಗನನ್ನು ಹೊತ್ತು ನಿಲ್ಲುತ್ತವೆ. ಕಾಗದದ ಚೂರು ಹಾರಿದರೂ ಬೆಚ್ಚುವ ಗೌರಿ ಅಲ್ಲಿ ಎಷ್ಟು ದಿನ ಬಾಳಿಯಾಳು?

ಹೀಗಾಗಿ ನಾನು ಪ್ರತಿ ಶನಿವಾರ ಭಾನುವಾರ ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿದು, ತೂಗುಸೇತುವೆಯ ಕೆಳಗಿನ ಆ ಸಂದಣಿಯಲ್ಲಿ ಹೊಸಕೋಟೆಯ ಕಡೆಯ ಬಸ್ಸು ಹಿಡಿದು, ಒಂದು ತೋಪಿನ ಪಕ್ಕದ ಲಾಯಕ್ಕೆ ಹೋಗತೊಡಗಿದೆ. "ಸರಕಾರಿ ಕಾಲೇಜಿನ ಹುಡುಗಿಗೆ ಕುದುರೆ ಏತಕ್ಕೆ? ಇದೆಲ್ಲ ದೊರೆಗಳ ಆಟ" ಎಂದು ಗೆಳತಿಯರು ಗೇಲಿ ಮಾಡಿದರು. ಈ ಮಾತಿಗೆ ಮೊದಲು ಉತ್ತರ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಾವು ಇರುವ ಊರು ದಂಡಿನ ಊರು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡಿನ ಪ್ರದೇಶವನ್ನು ಕಟ್ಟಿದಾಗಿನಿಂದ ಹಲಸೂರಿನ ಸುತ್ತುಮುತ್ತಲು ಕುದುರೆಯ ಗೊರಸಿನ ಸದ್ದು ಕೇಳದ ದಿನವಿರಲಿಲ್ಲ. ಇಂದಿನ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆಯೆಂಬ ಹೆಸರಿತ್ತು, ಕುದುರೆಪಡೆಯ ರಸ್ತೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ 1896ರಿಂದ ಇಲ್ಲಿ ಕುದುರೆಪಡೆಯ ತರುಣ ಅಧಿಕಾರಿಯಾಗಿದ್ದು, ಸಂಜೆಯ ಹೊತ್ತು ಪೋಲೋ ಆಡುತ್ತಿದ್ದನು. ಅವನ ಪೋಲೋ ಕುದುರೆಗಳ ಮೈ ಉಜ್ಜಿದವರು, ಹುರುಳಿ ಬೇಯಿಸಿದವರು, ಲಾಳ ಕಟ್ಟಿದವರು ಯಾರು? ನಮ್ಮವರೇ. ನಮ್ಮ ಮುತ್ತಜ್ಜ ಶಿವಾಜಿನಗರದಲ್ಲಿ ಜಟಕಾ ಹೊಡೆದು ಆರು ಮಕ್ಕಳನ್ನು ಸಾಕಿದವರು. ದಂಡು ರೈಲು ನಿಲ್ದಾಣದ ಮುಂದೆ ಅವರ ಗಾಡಿ ನಿಲ್ಲುತ್ತಿದ್ದಿತೆಂದು ಅಜ್ಜಿ ಹೇಳುವುದುಂಟು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು; ಅವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಬಸ್ಸಿನಲ್ಲಿ ಅದರ ಪಕ್ಕದಲ್ಲೇ ಹಾದುಹೋಗುವ ನಾವು ತಲೆ ಎತ್ತಿ ನೋಡುವುದಿಲ್ಲ. ಆ ದಳವೂ ಬೇರೆ ಸಂಸ್ಥಾನಗಳ ಅಶ್ವದಳಗಳೂ ಕೂಡಿಯೇ 1953ರಲ್ಲಿ ನಮ್ಮ ಸೇನೆಯ 61ನೆಯ ಅಶ್ವದಳವಾಯಿತು.

ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಯ ಆಟಕ್ಕೆ ಒಂದು ಪ್ರತ್ಯೇಕ ಪ್ರಕರಣವೇ ಇದೆ. ಅಭಿನವಚಂದ್ರನು ಕನ್ನಡದಲ್ಲಿ ಅಶ್ವಶಾಸ್ತ್ರವನ್ನು ಬರೆದಿದ್ದಾನೆ. ಅಮರಕೋಶವು ಕುದುರೆಯ ನಡೆಗಳಿಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ಹೆಸರು ಕೊಟ್ಟಿದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಅರಸುಕುವರರು ಹೊರಡುವ "ವೈಹಾಳಿ" ಎಂದರೆ ಕುದುರೆಸವಾರಿಯೇ. ಹೆಸರೆಲ್ಲ ನಮ್ಮದಿರಲು, ಸವಾರಿ ಮಾತ್ರ ದೊರೆಗಳದು ಹೇಗಾಯಿತು? ಇದು ನನ್ನ ಉತ್ತರ. ಗೆಳತಿಯರು ಇನ್ನೂ ಒಪ್ಪಿಲ್ಲ; ಆದರೆ ಗೇಲಿ ಕಡಮೆಯಾಗಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮಾವನಿಗೆ ತಿಳಿದವರೊಬ್ಬರು "ಈ ಕುದುರೆಗೂ ಈ ಹುಡುಗಿಗೂ ಡ್ರೆಸೇಜ್ ಕಲಿಸಿ, ಇಬ್ಬರೂ ಶಾಂತರಾಗುತ್ತಾರೆ" ಎಂದು ಸಲಹೆ ಕೊಟ್ಟರು. ಅಮ್ಮ ಅದನ್ನು ಕೇಳಿ, "ಡ್ರೆಸ್ಸೂ ಬೇರೆ ಹೊಲಿಸಬೇಕೆ?" ಎಂದಳು. ಹೊಲಿಸುವ ಉಡುಪಿಗೂ ಇದಕ್ಕೂ ಸಂಬಂಧವಿಲ್ಲ. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ಪಳಗಿಸುವುದು, ತರಬೇತು ಮಾಡುವುದು ಎಂಬ ಅರ್ಥ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಂದು ಅಂಗಳ. ಹೊಸಬರಿಗೆ ನಲವತ್ತು ಮೀಟರ್ ಉದ್ದವೇ ಸಾಕು. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ಫಲಕಗಳು. ಈ ಅಕ್ಷರದಲ್ಲಿ ನಿಲ್ಲು, ಅಲ್ಲಿ ತಿರುಗು, ಇಲ್ಲಿಂದ ವೃತ್ತ ಹಾಕು, ಅಲ್ಲಿ ನಡೆ ಬದಲಿಸು—ಹೀಗೆ ಗೊತ್ತುಮಾಡಿದ ಕ್ರಮದಲ್ಲಿ ಸವಾರನು ಕುದುರೆಯನ್ನು ನಡೆಸಬೇಕು. ಒಂದೊಂದು ಚಲನೆಗೂ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಒಳ್ಳೆಯ ಸವಾರನು ಏನು ಮಾಡಿದನೆಂಬುದು ನೋಡುವವರಿಗೆ ಕಾಣಲೇಬಾರದು. ಕುದುರೆ ತಾನಾಗಿ ಮಾಡಿದಂತೆ ತೋರಬೇಕು. ಜರ್ಮನರು ಈ ಶಿಕ್ಷಣಕ್ಕೆ ಆರು ಮೆಟ್ಟಿಲುಗಳನ್ನು ಹೇಳುತ್ತಾರೆ: ಲಯ, ಮೈಯ ಸಡಿಲಿಕೆ, ಕಡಿವಾಣದೊಡನೆ ಹಿತವಾದ ಸಂಪರ್ಕ, ಹುರುಪು, ನೇರ ನಡೆ, ಕೊನೆಗೆ ಇಡೀ ಮೈಯನ್ನು ಒಗ್ಗೂಡಿಸಿಕೊಳ್ಳುವುದು. ಮೊದಲ ಮೆಟ್ಟಿಲೇ ಲಯವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹೇಳುವುದು ಸುಲಭ. ಪಂದ್ಯದ ಕುದುರೆ ಕಲಿತಿರುವುದೇ ಬೇರೆ. ನೆಟ್ಟಗೆ ಮುಂದಕ್ಕೆ ನುಗ್ಗುವುದು ಅದರ ವಿದ್ಯೆ. ಲಗಾಮು ಬಿಗಿದರೆ ಅದು ನಿಲ್ಲುವುದಿಲ್ಲ. ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಓಡುತ್ತದೆ. ಜಾಕಿ ಮೊಣಕಾಲು ಮಡಿಚಿ ಬೆನ್ನ ಮೇಲೆ ಎತ್ತರದಲ್ಲಿ ಕೂರುತ್ತಾನಾದ್ದರಿಂದ, ಹೊಟ್ಟೆಯ ಎರಡು ಪಕ್ಕಕ್ಕೂ ಉದ್ದನೆಯ ಕಾಲು ತಗುಲಿದರೆ ಅದಕ್ಕೆ ಗಾಬರಿ. ಅಂಜುವ ಸವಾರನಾದರೋ ಸಹಜವಾಗಿ ಮಾಡುವ ಕೆಲಸ ಎರಡು: ಲಗಾಮನ್ನು ಬಿಗಿಯುವುದು, ಕಾಲಿನಿಂದ ಅವುಚಿಕೊಳ್ಳುವುದು. ಎಂದರೆ ನನ್ನ ಭಯದ ಭಾಷೆ ಗೌರಿಗೆ "ಓಡು, ಓಡು" ಎಂದು ಕೇಳಿಸುತ್ತಿತ್ತು. ನಾನು ಬೇಡುತ್ತಿದ್ದುದು ಒಂದು, ಅವಳು ಕೇಳಿಸಿಕೊಳ್ಳುತ್ತಿದ್ದುದು ಇನ್ನೊಂದು.

ಭಯವು ಅಂಟುರೋಗ ಎನ್ನುವುದು ಬರಿಯ ಮಾತಲ್ಲ. 2009ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವಿದೆ. ಜನರು ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಿಕೊಂಡೋ ಸವಾರಿಮಾಡಿಕೊಂಡೋ ಹೋಗಬೇಕು. ನಾಲ್ಕನೆಯ ಸಲಕ್ಕೆ ಮೊದಲು "ಈ ಬಾರಿ ಕುದುರೆ ಹಾದುಹೋಗುವಾಗ ಫಕ್ಕನೆ ಕೊಡೆ ಬಿಚ್ಚುತ್ತೇವೆ" ಎಂದು ಮನುಷ್ಯರಿಗೆ ಹೇಳಿದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಕೊಡೆಯ ಸುದ್ದಿಯೇ ತಿಳಿಯದ ಕುದುರೆಗಳ ಎದೆಬಡಿತವೂ ಏರಿತು. ಬಿಚ್ಚದ ಕೊಡೆಗೆ ಕುದುರೆ ಹೆದರಿದ್ದು ನಮ್ಮಿಂದ. ಮೈಮೇಲೆ ನೊಣ ಕೂತರೂ ಅರಿಯುವ ಪ್ರಾಣಿ, ಮೇಲೆ ಕೂತವಳ ಉಸಿರು ಬಿಗಿದರೆ ಅರಿಯದೆ? ಕಾಡಿನಲ್ಲಿ ಹುಲಿಗೆ ಆಹಾರವಾಗಿದ್ದ ಜಾತಿ ಅದು. ಜೊತೆಗಿರುವವರು ಅಂಜಿದರೆ ತಾನೂ ಅಂಜಿ ಓಡುವುದೇ ಅದರ ಬಾಳಿನ ನೀತಿ.

ಈ ಜೋಡಿಗೆ ಗುರುವಾಗಬಲ್ಲವರನ್ನು ಹುಡುಕಿದೆವು. ಮೊದಲು ದೊರೆತವರು ಬಹಳ ಪದಕಗಳನ್ನು ಗೆದ್ದವರು. ಅವರ ಕೊಠಡಿಯ ಗೋಡೆ ಕಾಣಿಸದಷ್ಟು ಛಾಯಾಚಿತ್ರಗಳು. ಅಂಗಳದ ನಡುವೆ ನಿಂತು ಅವರು ಕೂಗಿದರೆ ತೋಪಿನ ಕಾಗೆಗಳು ಏಳುತ್ತಿದ್ದುವು. "ಹೆದರಬೇಡ!" ಎಂದು ಗರ್ಜಿಸುವರು. ಗರ್ಜನೆಗೆ ಮೊದಲು ನಾನು, ನನ್ನಿಂದ ಗೌರಿ, ಇಬ್ಬರೂ ಹೆದರುವೆವು. ಆದರೆ ನ್ಯಾಯವಾಗಿ ಹೇಳಬೇಕು: ಅದೇ ಅಂಗಳದಲ್ಲಿ ಹದಿನಾಲ್ಕು ವರ್ಷದ ಒಬ್ಬ ಪೋರನಿದ್ದ. ಗರ್ಜಿಸಿದಷ್ಟೂ ಅವನ ಮುಖ ಅರಳುತ್ತಿತ್ತು, ಬೆನ್ನು ನೆಟ್ಟಗಾಗುತ್ತಿತ್ತು. ಅವರು ಕೆಟ್ಟ ಗುರುವಲ್ಲ. ನನಗೆ ತಕ್ಕ ಗುರುವಲ್ಲ. ಇದನ್ನು ತಿಳಿಯಲು ಎರಡು ತಿಂಗಳೂ ಮಾವನ ಒಂದಿಷ್ಟು ದುಡ್ಡೂ ಬೇಕಾಯಿತು.

ಎರಡನೆಯವರು ಯುರೋಪಿನಲ್ಲಿ ಕಲಿತುಬಂದ ತರುಣರು. ಮೃದುಭಾಷಿ. ಗೌರಿಯನ್ನು ತಾವೇ ಏರಿ ಆರು ವಾರಗಳಲ್ಲಿ ಅವಳ ನಡೆಯನ್ನು ಎಷ್ಟು ಸೊಗಸಾಗಿ ತಿದ್ದಿದರೆಂದರೆ, ಬೇಲಿಯ ಆಚೆ ನಿಂತು ನೋಡುತ್ತಿದ್ದ ಮಾವನ ಕಣ್ಣಲ್ಲಿ ನೀರು ಬಂದಿತು. ಆಮೇಲೆ ಇಳಿದು, "ಬನ್ನಿ, ಈಗ ನೀವು ಕೂತುಕೊಳ್ಳಿ" ಎಂದರು. ನಾನು ಕೂತ ಐದನೆಯ ನಿಮಿಷಕ್ಕೆ ಗೌರಿ ಹಳೆಯ ಗೌರಿಯಾದಳು. ಅವರು ಬೇಸರಪಡಲಿಲ್ಲ, ಮತ್ತೆ ತಾವೇ ಏರಿ ತಿದ್ದಿದರು. ನಾನು ಏರಿದೆ, ಮತ್ತೆ ಕೆಟ್ಟಿತು. ಬೇರೆಯವರು ಬರೆದುಕೊಟ್ಟ ಉತ್ತರವನ್ನು ಹಿಡಿದು ಪರೀಕ್ಷೆಗೆ ಹೋದಂತಾಯಿತು ನನ್ನ ಪಾಡು. ಕುದುರೆಗೆ ಗುರು ದೊರೆತಿದ್ದರು, ನನಗೆ ದೊರೆತಿರಲಿಲ್ಲ. ಗಡುವಿನಲ್ಲಿ ಐದು ತಿಂಗಳು ಕಳೆದಿತ್ತು.

ಮೂರನೆಯವರ ಸುಳಿವು ಕೊಟ್ಟವನು ಲಾಳ ಕಟ್ಟುವವನು. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯೊಂದರಲ್ಲಿ ಅವರ ಮನೆ. ಸೇನೆಯ ಅಶ್ವದಳದಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಎಪ್ಪತ್ತರ ಹತ್ತಿರದ ವಯಸ್ಸು. ಗೋಡೆಯ ಮೇಲೆ ಒಂದೇ ಚಿತ್ರ, ಅದೂ ಕುದುರೆಯದು. ಸವಾರನ ತಲೆ ಚೌಕಟ್ಟಿನಿಂದ ಆಚೆ ಉಳಿದಿತ್ತು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಮಾವ ಗೌರಿಯ ವಂಶಾವಳಿಯನ್ನು ಹೇಳಲು ತೊಡಗಿದರೆ ಅವರು ಕೈ ಎತ್ತಿ ತಡೆದು, ನನ್ನ ಕಡೆ ತಿರುಗಿ, "ನೀನು ಬಿದ್ದಿದ್ದು ಎಡಕ್ಕೋ ಬಲಕ್ಕೋ, ಬೇಟಿ?" ಎಂದು ಕೇಳಿದರು. ಆ ತನಕ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ಎಡಕ್ಕೆ" ಎಂದೆ. "ನಿದ್ದೆಯಲ್ಲಿ ಈಗಲೂ ಬೀಳ್ತೀಯಾ?" ಎಂದರು. ನಾನು ಅಮ್ಮನಿಗೂ ಹೇಳದ ಮಾತು ಅದು. ತಲೆ ಅಲ್ಲಾಡಿಸಿದೆ.

ಮರುದಿನ ಲಾಯಕ್ಕೆ ಬಂದು ನಾನು ಗೌರಿಯನ್ನು ನಡೆಸುವುದನ್ನು ಹತ್ತು ನಿಮಿಷ ನೋಡಿದರು. ಗೌರಿ ಬಲಕ್ಕೆ ಜಗ್ಗುತ್ತಾಳೆಂಬುದು ನಮ್ಮೆಲ್ಲರ ದೂರು. ಉಸ್ತಾದರು, "ಕುದುರೆ ಸೊಟ್ಟ ಹೋಗ್ತಾ ಇಲ್ಲಮ್ಮಾ. ಎಡಕ್ಕೆ ಬಿದ್ದವಳು ನೀನು, ಈಗ ಎಡಕ್ಕೆ ಅಂಜಿ ಬಲಕ್ಕೆ ಕೂತಿದ್ದೀ. ನಿನ್ನ ಭಾರ ಎಲ್ಲಿದೆಯೋ ಅವಳೂ ಅಲ್ಲಿಗೇ ಬರ್ತಾಳೆ, ಪಾಪ" ಎಂದರು. ಎರಡು ವರ್ಷದ ಹಿಂದಿನ ನನ್ನ ಒಂದು ಬೀಳುವಿಕೆಯನ್ನು ಈ ಕುದುರೆ ತನ್ನ ಮೈಯಲ್ಲಿ ಹೊತ್ತು ತಿರುಗುತ್ತಿತ್ತೆಂದು ತಿಳಿದಾಗ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು. ಏಕೆಂದರೆ, ಕಾರಣವಿರುವ ದೋಷಕ್ಕೆ ಪರಿಹಾರವೂ ಉಂಟು.

ಅನಂತರ ಅವರು ಹೇಳಿದ ಮಾತು ಮಾವನಿಗೆ ಕಹಿಯಾಯಿತು. "ನಾಲ್ಕು ತಿಂಗಳು ಈ ಮಗು ಈ ಕುದುರೆಯನ್ನ ಹತ್ತೋದು ಬೇಡ." ಹೊಸ ಸವಾರನಿಗೆ ಹಳೆಯ ಕುದುರೆ, ಹೊಸ ಕುದುರೆಗೆ ಹಳೆಯ ಸವಾರ—ಇದು ಅವರ ಶಾಸ್ತ್ರ. ಆಮೇಲೆ ನಾನು ಓದಿ ತಿಳಿದೆ: ವಿಯೆನ್ನಾ ನಗರದ ಪ್ರಸಿದ್ಧ ಸ್ಪ್ಯಾನಿಷ್ ಸವಾರಿಶಾಲೆಯಲ್ಲಿಯೂ ಇದೇ ಪದ್ಧತಿ. ಅಲ್ಲಿ ಹೊಸದಾಗಿ ಸೇರಿದವರು ನುರಿತ ಬಿಳಿಯ ಕುದುರೆಗಳ ಮೇಲೆ, ಲಗಾಮೂ ರಿಕಾಪೂ ಇಲ್ಲದೆ, ಗುರು ಹಿಡಿದ ಉದ್ದನೆಯ ಹಗ್ಗದ ಸುತ್ತಿನಲ್ಲಿ ಬಹುಕಾಲ ಕೂರುವುದನ್ನಷ್ಟೇ ಕಲಿಯುತ್ತಾರೆ. ವಿಯೆನ್ನಾದ ಪದ್ಧತಿ ಶಿವಾಜಿನಗರದ ಓಣಿಯಲ್ಲಿಯೂ ಇದ್ದುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಉಸ್ತಾದರಿಗೆ ಆಗಲಿಲ್ಲ. "ಕುದುರೆ ಎಲ್ಲಾ ಕಡೆ ಒಂದೇ ಅಲ್ವಾ?" ಎಂದರು.

ಮೊದಲ ಎರಡು ವಾರ ಸವಾರಿಯೇ ಇಲ್ಲ. ಗೌರಿಯ ಮೈ ಉಜ್ಜುವುದು, ಗೊರಸಿನ ಮಣ್ಣು ಕೆರೆಯುವುದು, ಲದ್ದಿ ತೆಗೆಯುವುದು, ಕೈಯಲ್ಲಿ ಹಿಡಿದು ನಡೆಸುವುದು, ನಿಲ್ಲಿಸುವುದು. ಬಳಿಕ ಲಾಯದ ಇಪ್ಪತ್ತು ವರ್ಷದ ಮುದಿಗಂಡಿನ ಮೇಲೆ ಕೂರಿಸಿ, ಹಗ್ಗ ಹಿಡಿದು ಸುತ್ತು ಹಾಕಿಸಿದರು. "ಕಾಲು ಎಣಿಸು" ಎಂಬುದೊಂದೇ ಪಾಠ. ನಡಿಗೆಗೆ ನಾಲ್ಕು ಎಣಿಕೆ, ದುಡುಕಿಗೆ ಎರಡು, ಓಟಕ್ಕೆ ಮೂರು. ಗಟ್ಟಿಯಾಗಿ ಎಣಿಸುವವಳು ಉಸಿರು ಬಿಗಿಹಿಡಿಯಲಾರಳು ಎಂಬ ಗುಟ್ಟು ನನಗೆ ಆಗ ತಿಳಿಯದು. ಎಣಿಸಿ ಎಣಿಸಿ ಬೇಸರವಾದಾಗ, "ಕಾಲೇಜಿನಲ್ಲಿ ಏನು ಓದ್ತೀಯೋ ಅದನ್ನೇ ಹೇಳು" ಎಂದರು. ನಾನು ಪಠ್ಯದ ಕಂದಪದ್ಯಗಳನ್ನು ಹೇಳತೊಡಗಿದೆ. ಕಂದದ ಗಣಕ್ಕೆ ನಾಲ್ಕು ಮಾತ್ರೆ; ಕುದುರೆಯ ನಡಿಗೆಗೆ ನಾಲ್ಕು ಹೆಜ್ಜೆ. ಎರಡೂ ಒಂದಕ್ಕೊಂದು ಹೊಂದಿಕೊಂಡವು! ನಮ್ಮ ಛಂದಸ್ಸಿನ ಅಧ್ಯಾಪಕರು ಈ ಸಂಗತಿಯನ್ನು ಕೇಳಿ, ಆ ವರ್ಷ ಗಣವಿಭಾಗದಲ್ಲಿ ನಾನೊಬ್ಬಳೇ ತಪ್ಪು ಮಾಡದಿದ್ದುದಕ್ಕೆ ಕಾರಣ ಈಗ ತಿಳಿಯಿತು ಎಂದರು.

ಇತ್ತ ಉಸ್ತಾದರು ಗೌರಿಗೆ ಕಲಿಸುತ್ತಿದ್ದುದು ಇನ್ನೂ ಸಣ್ಣ ವಿದ್ಯೆ: ಹತ್ತುವಾಗ ಅಲುಗದೆ ನಿಲ್ಲುವುದು. ಅವರ ಜೇಬಿನಲ್ಲಿ ಬೆಲ್ಲದ ಚೂರಿರುತ್ತಿತ್ತು. ಅವರು ಹತ್ತುವರು, ಇಳಿಯುವರು, ಮತ್ತೆ ಹತ್ತುವರು. ಕೆಲವು ದಿನ ಹತ್ತು ನಿಮಿಷಕ್ಕೇ "ಇವತ್ತಿಗೆ ಸಾಕು" ಎಂದು ಜೀನು ಇಳಿಸಿಬಿಡುವರು. ಪೂರ್ತಿ ಗಂಟೆಯ ಹಣ ಕೊಡುತ್ತಿದ್ದ ಮಾವನಿಗೆ ಇದು ಸಹಿಸುತ್ತಿರಲಿಲ್ಲ. "ಸರಿಯಾಗಿ ಮಾಡಿದಾಗ ನಿಲ್ಲಿಸಬೇಕು, ಸಾಹೇಬರೆ. ದಣಿದು ತಪ್ಪು ಮಾಡಿದಾಗ ನಿಲ್ಲಿಸಿದರೆ, ತಪ್ಪೇ ಪಾಠ ಆಗ್ತದೆ" ಎಂದರು. ನಮ್ಮ ವೇಳಾಪಟ್ಟಿಗಳನ್ನು ಮಾಡುವವರು ಈ ಮಾತನ್ನು ಸ್ವಲ್ಪ ಆಲೋಚಿಸಬೇಕೆಂದು ಸವಿನಯವಾಗಿ ಬೇಡುತ್ತೇನೆ.

ಹತ್ತನೆಯ ತಿಂಗಳಲ್ಲಿ ನಾನು ಗೌರಿಯನ್ನು ಏರಿದೆ. ಪವಾಡವೇನೂ ನಡೆಯಲಿಲ್ಲ. ಅವಳು ಬೆಚ್ಚುತ್ತಾಳೆ, ನಾನೂ ಬೆಚ್ಚುತ್ತೇನೆ. ಆದರೆ ಈಗ ಇಬ್ಬರೂ ಒಟ್ಟಿಗೆ ಬೆಚ್ಚಿ, ಒಟ್ಟಿಗೆ ಸುಧಾರಿಸಿಕೊಳ್ಳುತ್ತೇವೆ. ವರ್ಷದ ಗಡುವು ತುಂಬಿದ ದಿನ ಅಮ್ಮ ಬಂದು ಬೇಲಿಯ ಬಳಿ ನಿಂತು, ನಾನು ಇಪ್ಪತ್ತು ಮೀಟರಿನ ಒಂದು ವೃತ್ತವನ್ನು ನಡಿಗೆಯಲ್ಲಿ ಪೂರೈಸಿದುದನ್ನು ನೋಡಿದಳು. ವೃತ್ತ ಸ್ವಲ್ಪ ಕೋಳಿಮೊಟ್ಟೆಯ ಆಕಾರದಲ್ಲಿತ್ತು. ಅಮ್ಮ ಜ್ಯಾಮಿತಿಯನ್ನು ಓದಿದವಳಲ್ಲ, ಒಪ್ಪಿಕೊಂಡಳು.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಅಂಜುವವರಿಗೆ ಗುರುವನ್ನು ಆರಿಸುವಾಗ ನಾವು ಸಾಮಾನ್ಯವಾಗಿ ನೋಡುವುದು ಅವರು ಗೆದ್ದ ಪದಕಗಳನ್ನು. ಪದಕವು ಅವರು ಏನು ಬಲ್ಲರೆಂಬುದಕ್ಕೆ ಸಾಕ್ಷಿ. ಏನನ್ನು ಕಲಿಸಬಲ್ಲರೆಂಬುದಕ್ಕೆ ಅಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಅವರ ಹಳೆಯ ಶಿಷ್ಯರಲ್ಲಿ ಬಿದ್ದವರನ್ನು ಹುಡುಕಿ, ಬಿದ್ದ ಮೇಲೆ ಎಷ್ಟು ಜನ ಮತ್ತೆ ಬಂದರೆಂದು ಕೇಳಬೇಕು. ನಮ್ಮ ಪಾಠಕ್ಕೆ ಮೊದಲು, ಬೇರೆಯವರಿಗೆ ಅವರು ಪಾಠ ಹೇಳುವುದನ್ನು ಒಂದು ದಿನ ಸುಮ್ಮನೆ ಕುಳಿತು ನೋಡಬೇಕು. ಪಾಠ ಮುಗಿದಾಗ ಕುದುರೆಯ ಕಿವಿ ಸಡಿಲವಾಗಿದೆಯೆ, ಬಾಲ ಬೀಸದೆ ಇಳಿಬಿಟ್ಟಿದೆಯೆ, ಇಳಿದವನ ಮುಖ ಹೇಗಿದೆ? ಕುದುರೆ ಯಾರ ಮುಲಾಜಿಗೂ ಸುಳ್ಳುಸಾಕ್ಷಿ ಹೇಳುವುದಿಲ್ಲ.

ಇನ್ನೊಂದು ಮಾತು. ಸರಿಯಾದ ಗುರು ಎಂದರೆ ಎಂದೆಂದಿಗೂ ಸರಿಯಾದ ಗುರು ಎಂದಲ್ಲ. ಮೊನ್ನೆ ಉಸ್ತಾದರೇ, "ನನ್ನ ಹತ್ತಿರ ಇದ್ದದ್ದು ಮುಗೀತು, ಬೇಟಿ. ಇನ್ನು ಆ ವಿಲಾಯಿತಿ ಹುಡುಗನ ಹತ್ತಿರ ಹೋಗು. ಅವನಿಗೆ ವಿದ್ಯೆ ಜಾಸ್ತಿ ಬರ್ತದೆ" ಎಂದರು. ಒಂದು ವರ್ಷದ ಹಿಂದೆ ನನಗೆ ತಕ್ಕವರಲ್ಲದಿದ್ದ ಆ ತರುಣರೇ ಇಂದು ತಕ್ಕ ಗುರುಗಳಾಗಿದ್ದಾರೆ. ಅವರು ಬದಲಾಗಲಿಲ್ಲ, ನಾನು ಅವರ ಪಾಠದ ಹೊಸ್ತಿಲಿಗೆ ಬಂದೆ. ತನ್ನಲ್ಲಿ ಇರುವುದು ಇಷ್ಟೇ ಎಂದು ಹೇಳಿ ಶಿಷ್ಯಳನ್ನು ಮುಂದಕ್ಕೆ ಕಳುಹಿಸಬಲ್ಲವನು ಎಷ್ಟು ದೊಡ್ಡವನು!

ಅಂಜುವವರೂ ಅಶಕ್ತರೂ ಈ ವಿದ್ಯೆಗೆ ಬಾಹಿರರೆಂದು ಭಾವಿಸುವವರು ಒಲಿಂಪಿಕ್ಸಿನ ಇತಿಹಾಸವನ್ನು ನೋಡಬೇಕು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಡ್ರೆಸೇಜ್ ಸೇನಾಧಿಕಾರಿಗಳಿಗೆ ಮಾತ್ರ ಮೀಸಲಾಗಿದ್ದಿತು. ಸ್ವೀಡನ್ ತಂಡದ ಒಬ್ಬ ಸವಾರನು ನಿಜವಾಗಿ ಸಾರ್ಜೆಂಟನೆಂದು ಆಮೇಲೆ ಗೊತ್ತಾಗಿ, ಗೆದ್ದ ಚಿನ್ನದ ಪದಕವನ್ನೇ ಕಿತ್ತುಕೊಂಡರು. ಕುದುರೆಗೆ ಮಾತ್ರ ಅವನ ದರ್ಜೆ ತಿಳಿದಿರಲಿಲ್ಲ! 1952ರಲ್ಲಿ ಹೆಲ್ಸಿಂಕಿಯಲ್ಲಿ ಆ ಬಾಗಿಲು ತೆರೆಯಿತು, ಹೆಂಗಸರೂ ಬಂದರು. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿಯ ಪದಕ ಗೆದ್ದಳು. ಪೋಲಿಯೋದಿಂದ ಅವಳ ಮೊಣಕಾಲಿನ ಕೆಳಗೆ ಶಕ್ತಿಯಿರಲಿಲ್ಲ. ಕುದುರೆಯ ಮೇಲೆ ಹತ್ತಿಸಿ ಇಳಿಸಲು ಜನ ಬೇಕಾಗಿತ್ತು.

ನಮ್ಮ ನಾಡಿನ ಕೀರ್ತಿಯೂ ಸಣ್ಣದಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಡ್ರೆಸೇಜ್, ಗುಡ್ಡಗಾಡು ಓಟ, ನೆಗೆತ ಮೂರನ್ನೂ ಕೂಡಿದ ಸ್ಪರ್ಧೆಯಲ್ಲಿ ವೈಯಕ್ತಿಕವಾಗಿಯೂ ತಂಡದೊಡನೆಯೂ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾದರು. 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ನಗರದಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಇವರ ತಂಡ ಡ್ರೆಸೇಜ್‌ನಲ್ಲಿ ಚಿನ್ನ ತಂದಿತು. ಅಶ್ವಕ್ರೀಡೆಯಲ್ಲಿ 1982ರ ದೆಹಲಿ ಕ್ರೀಡೆಗಳ ನಂತರ ನಮಗೆ ಬಂದ ಮೊದಲ ಏಷ್ಯನ್ ಚಿನ್ನ ಅದು. ಆದರೆ ಒಂದನ್ನು ಗಮನಿಸಬೇಕು: ಈ ತರುಣ ತರುಣಿಯರು ತಕ್ಕ ಗುರುವನ್ನು ಹುಡುಕಿಕೊಂಡು ಯುರೋಪಿಗೆ ಹೋಗಿ ವರ್ಷಗಟ್ಟಲೆ ಇರಬೇಕಾಯಿತು. ಅವರ ಸಾಹಸಕ್ಕೆ ನನ್ನ ನಮಸ್ಕಾರ. ಹಾಗೆ ಹೋಗಲಾರದವರ ಗತಿಯೇನು ಎಂಬುದು ನನ್ನ ಪ್ರಶ್ನೆ.

ಕೊನೆಯ ಮೆಟ್ಟಿಲಿನ ಗುರುಗಳನ್ನು ತಯಾರುಮಾಡಲು ಹಣ ಬೇಕು, ಕಾಲ ಬೇಕು. ಆದರೆ ಮೊದಲ ಮೆಟ್ಟಿಲಿನ ಗುರುಗಳು ನಮ್ಮ ಓಣಿಗಳಲ್ಲೇ ಇದ್ದಾರೆ: ನಿವೃತ್ತ ದಫೇದಾರರು, ಲಾಯದಲ್ಲಿ ತಲೆ ನರೆತ ಸೈಸರು, ಲಾಳ ಕಟ್ಟುವವರು. ಅವರ ಬಳಿ ಪ್ರಮಾಣಪತ್ರವಿಲ್ಲವೆಂದು ನಾವು ಅವರನ್ನು ಹುಲ್ಲು ಹಾಕಲು ಇಟ್ಟುಕೊಂಡಿದ್ದೇವೆ. ಅವರ ಅರಿವನ್ನು ಯಾರೂ ಬರೆದಿಟ್ಟಿಲ್ಲ. ಅವರೊಡನೆಯೇ ಅದು ಮಣ್ಣಾಗುತ್ತದೆ. ಎನ್.ಸಿ.ಸಿ.ಯಲ್ಲಿ ಅಶ್ವವಿಭಾಗವೂ ಒಂದಿದೆಯೆಂಬುದು ನಮ್ಮ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಕನ್ನಡ ವಿಭಾಗದವರು ಸೈಸರ ಬಾಯಿಂದ ಕುದುರೆಯ ಮಾತುಗಳನ್ನು ಸಂಗ್ರಹಿಸಿದರೆ, ಒಂದು ಸಂಚಿಕೆಗಾಗುವಷ್ಟು ಪದಗಳು ಶಿವಾಜಿನಗರದಲ್ಲೇ ಸಿಕ್ಕಾವು.

ಅಧ್ಯಾಪಕ ಮಹನೀಯರು ಕ್ಷಮಿಸುವುದಾದರೆ ಒಂದು ಮಾತು ಹೇಳಿ ಮುಗಿಸುತ್ತೇನೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಹೆಸರು ಕರೆದರೆ ಬೆವರುವ ಹುಡುಗರಿದ್ದಾರೆ. ಅವರೂ ಎಲ್ಲಿಯೋ ಒಮ್ಮೆ ಬಿದ್ದವರು. "ಹೆದರಬೇಡ" ಎನ್ನುವುದರ ಬದಲು "ಎಡಕ್ಕೋ ಬಲಕ್ಕೋ?" ಎಂದು ಅವರನ್ನು ಕೇಳಿ ನೋಡಬಹುದಲ್ಲವೆ?

ಕಳೆದ ಭಾನುವಾರ ಗೌರಿಯನ್ನು ಅಂಗಳದ ನಡುವೆ ನಿಲ್ಲಿಸುವ ಅಭ್ಯಾಸ ಮಾಡುತ್ತಿದ್ದೆ. ಬೇಲಿಯ ಮೇಲೆ ಸಿಕ್ಕಿಕೊಂಡಿದ್ದ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಪಟಪಟನೆ ಹೊಡೆದುಕೊಂಡಿತು. ಗೌರಿಯ ಮೈಯೆಲ್ಲ ಬಿಗಿಯಿತು. ನಾನು ಉಸಿರು ಬಿಟ್ಟು, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಅವಳ ಒಂದು ಕಿವಿ ಚೀಲದ ಕಡೆಗಿತ್ತು. ಇನ್ನೊಂದು ನಿಧಾನವಾಗಿ ನನ್ನ ಕಡೆಗೆ ತಿರುಗಿತು. ನಿಂತಳು. ಇಳಿದು ಜೀನು ಬಿಚ್ಚುವಾಗ ನೆನಪಾಯಿತು: ಆ ದಿನ ಉಸ್ತಾದರು ಬಂದಿರಲೇ ಇಲ್ಲ.